ಚಿಕ್ಕ ಕ್ರೂಸರ್ ಬೈಕ್ ಓಡಿಸುತ್ತಿರುವವರು ಹೇಳಿ: ಸ್ವಲ್ಪ ಕಾಲ ಆದ ಮೇಲೂ ಇಷ್ಟ ಉಳಿಯುತ್ತಾ?

ಮೊದಲ ಗೇರ್:
ಎಲ್ಲರಿಗೂ ನಮಸ್ಕಾರ. ಸ್ಕೂಟರ್ ಓಡಿಸಿ ಅಭ್ಯಾಸ ಇದೆ. ಈಗ ಗೇರ್ ಇರುವ ಬೈಕ್ ತಗೋಬೇಕು ಅಂದುಕೊಂಡಿದ್ದೇನೆ. ನನ್ನ ಎತ್ತರ 5 ಅಡಿ 1 ಇಂಚು. ಬೇರೆ ಬೇರೆ ಬೈಕ್ ಹತ್ತಿ ಕೂತು ನೋಡಿದೆ. ಹೆಚ್ಚಿನವುಗಳಲ್ಲಿ ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತದೆ. ಕ್ರೂಸರ್, ಅಂದರೆ ಸೀಟು ತಗ್ಗಾಗಿದ್ದು ನೆಟ್ಟಗೆ ಕೂರುವ ಬೈಕ್, ಅದರ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಿದವು. ಮನಸ್ಸು ಅಲ್ಲೇ ನಿಂತಿದೆ. 250ರಿಂದ 350 ಸಿಸಿ ಒಳಗೆ ನೋಡುತ್ತಿದ್ದೇನೆ.

ಆದರೆ ಗೊತ್ತಿರುವವರೆಲ್ಲ ಒಂದೊಂದು ಹೇಳುತ್ತಾರೆ. ಬೇಗ ಬೇಜಾರಾಗುತ್ತೆ, ತಗೊಂಡರೆ ದೊಡ್ಡದೇ ತಗೋ ಅಂತ ಒಬ್ಬರು. ಕ್ರೂಸರ್ ತಿರುವಿನಲ್ಲಿ ಬಾಗಲ್ಲ ಅಂತ ಇನ್ನೊಬ್ಬರು. ಬೆನ್ನುನೋವು ಗ್ಯಾರಂಟಿ ಅಂತ ಮತ್ತೊಬ್ಬರು. ಇವರಲ್ಲಿ ಯಾರೂ ಕ್ರೂಸರ್ ಇಟ್ಟುಕೊಂಡವರಲ್ಲ. ನಿಜವಾಗಿ ಓಡಿಸುತ್ತಿರುವವರು ಏನು ಹೇಳುತ್ತೀರಿ?

ನಿಧಾನ ಸವಾರ:
ಮೇಡಂ, ಪಾದ ಪೂರ್ತಿ ನೆಲಕ್ಕೆ ಊರುವುದು ಸಣ್ಣ ವಿಷಯ ಅಲ್ಲ. ಹೊಸಬರು ಬೈಕ್ ಬೀಳಿಸುವುದು ವೇಗದಲ್ಲಿ ಹೋಗುವಾಗ ಅಲ್ಲ. ಸಿಗ್ನಲ್‌ನಲ್ಲಿ ನಿಂತಾಗ, ಇಳಿಜಾರಿನಲ್ಲಿ ತಿರುಗಿಸುವಾಗ, ಪಾರ್ಕಿಂಗ್‌ನಿಂದ ಹಿಂದಕ್ಕೆ ತಳ್ಳುವಾಗ. ಅಲ್ಲೆಲ್ಲ ಕಾಲು ಗಟ್ಟಿಯಾಗಿ ನಿಂತರೆ ಅರ್ಧ ಭಯ ಹೋಗುತ್ತದೆ. ಉಳಿದರ್ಧ ಕ್ಲಚ್ ಹಿಡಿತ ಬಂದಾಗ ಹೋಗುತ್ತದೆ.

ಎಲ್ಲ ಕ್ರೂಸರ್ ಒಂದೇ ಎತ್ತರ ಅಂದುಕೊಳ್ಳಬೇಡಿ. 2017ರಲ್ಲಿ ಬಂದ ಹೋಂಡಾ ರೆಬೆಲ್ 300 ಮತ್ತು 500ರ ಸೀಟು ನೆಲದಿಂದ 690 ಮಿಲಿಮೀಟರ್. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರದ್ದು 765. ಏಳೂವರೆ ಸೆಂಟಿಮೀಟರ್ ವ್ಯತ್ಯಾಸ ನಿಮ್ಮ ಎತ್ತರಕ್ಕೆ ಚೆನ್ನಾಗಿಯೇ ಗೊತ್ತಾಗುತ್ತದೆ. ಸೀಟಿನ ಅಗಲವನ್ನೂ ನೋಡಿ. ಸೀಟು ಕೆಳಗಿದ್ದೂ ಮುಂಭಾಗ ಅಗಲವಾಗಿದ್ದರೆ ತೊಡೆ ಹೊರಗೆ ಚಾಚಿಕೊಂಡು ಕಾಲು ಗಿಡ್ಡವಾದ ಹಾಗೆ ಆಗುತ್ತದೆ.

ತೂಕದ ಬಗ್ಗೆಯೂ ಒಂದು ಮಾತು. ಮೀಟಿಯರ್ 191 ಕಿಲೋ. ಯಮಹಾದ ಹಳೆಯ ವಿರಾಗೋ 250 ಪೆಟ್ರೋಲ್ ತುಂಬಿದರೂ 150 ಕಿಲೋ ಆಸುಪಾಸು. ಸಂಖ್ಯೆ ನೋಡಿದರೆ ದೊಡ್ಡ ಅಂತರ. ಆದರೆ ಕ್ರೂಸರ್‌ನಲ್ಲಿ ಆ ಭಾರ ಕೆಳಗೆ ಇರುತ್ತದೆ. ಅದಕ್ಕೇ ಅಷ್ಟೇ ತೂಕದ ಎತ್ತರದ ಬೈಕ್‌ಗಿಂತ ಇದು ಕೈಗೆ ಹಗುರ ಅನ್ನಿಸುತ್ತದೆ. ಅಂಗಡಿಯಲ್ಲಿ ಸುಮ್ನೆ ಹತ್ತಿ ಕೂತು ಬರಬೇಡಿ. ಇಳಿದು, ಪಕ್ಕದಲ್ಲಿ ನಿಂತು, ಹ್ಯಾಂಡಲ್ ಹಿಡಿದು ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ ತಳ್ಳಿ ನೋಡಿ. ದಿನಾ ಮಾಡಬೇಕಾದ ಕೆಲಸ ಅದು.

ಬೇಜಾರಾಗುತ್ತಾ? ನನಗಂತೂ ಆಗಿಲ್ಲ. ಚಿಕ್ಕ ಕ್ರೂಸರ್ ಅನ್ನು ದೊಡ್ಡದಕ್ಕೆ ಹೋಗುವ ಮೆಟ್ಟಿಲು ಅಂತ ನೋಡುವವರಿಗೆ ಬೇಜಾರಾಗುತ್ತದೆ. ಅದನ್ನೇ ಒಂದು ಪೂರ್ತಿ ಬೈಕ್ ಅಂತ ನೋಡಿದವರಿಗೆ ಆಗಲ್ಲ.

ಅರವತ್ತರ ವೇಗ:
ಮೇಲಿನ ಕೊನೆಯ ಮಾತಿಗೆ ನನ್ನದೂ ಸಹಿ. 1985ರಲ್ಲಿ ಬಂದ ಮೊದಲ ರೆಬೆಲ್ 250ರಲ್ಲಿ ಇದ್ದದ್ದು 234 ಸಿಸಿಯ ಎರಡು ಸಿಲಿಂಡರ್ ಎಂಜಿನ್. ಅದನ್ನು 30 ವರ್ಷ ದೊಡ್ಡ ಬದಲಾವಣೆ ಇಲ್ಲದೆ ಮಾರಿದರು. ವಿರಾಗೋ 250 ಅಂತೂ 1988ರಲ್ಲಿ ಬಂದು, ಹೆಸರು ಬದಲಾದರೂ ಅದೇ ಗಾಳಿಯಲ್ಲಿ ತಣಿಯುವ ವಿ-ಟ್ವಿನ್ (ಎರಡು ಸಿಲಿಂಡರ್ ವಿ ಆಕಾರದಲ್ಲಿರುವ) ಎಂಜಿನ್ ಇಟ್ಟುಕೊಂಡಿದೆ. ಬೇಗ ಬೇಜಾರಾಗುವ ವಸ್ತು ಇಷ್ಟು ಕಾಲ ಬಾಳುತ್ತಾ? ಬೈಕ್ ಕಲಿಸುವ ಶಾಲೆಗಳು ಇವೇ ಎರಡನ್ನು ಹೆಚ್ಚಾಗಿ ಇಟ್ಟುಕೊಂಡದ್ದೂ ಅವು ತಡೆದುಕೊಳ್ಳುತ್ತವೆ ಅಂತಲೇ.

ಉದ್ದ ದಾರಿ:
ಒಳ್ಳೆಯದನ್ನು ಎಲ್ಲರೂ ಹೇಳುತ್ತಿದ್ದಾರೆ. ಹೆದ್ದಾರಿಯ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಚಿಕ್ಕ ಕ್ರೂಸರ್‌ನ ನಿಜವಾದ ಮಿತಿ ಇರುವುದು ಅಲ್ಲಿ.

ಕ್ರೂಸರ್‌ನಲ್ಲಿ ನಾವು ನೆಟ್ಟಗೆ ಕೂರುತ್ತೇವೆ. ಕೈ ಅಗಲ, ಕಾಲು ಮುಂದೆ, ಎದೆ ಪೂರ್ತಿ ಗಾಳಿಗೆ ಒಡ್ಡಿರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಎದೆಯ ಮೇಲಿನ ಒತ್ತಡ ಒಂದೂವರೆ ಪಟ್ಟು ದಾಟುತ್ತದೆ. ಆ ಗಾಳಿಯನ್ನು ಸೀಳಿಕೊಂಡು ಹೋಗಲು ಎಂಜಿನ್ ಕೊಡಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಮೀಟಿಯರ್‌ನಂಥ 350 ಸಿಸಿ ಎಂಜಿನ್ ಕೊಡುವುದೇ ಸುಮಾರು 20 ಅಶ್ವಶಕ್ತಿ. ಹಾಗಾಗಿ 80ರಲ್ಲಿ ಹಾಯಾಗಿ ಓಡುವ ಬೈಕ್ 100ರಲ್ಲಿ ಏದುಸಿರು ಬಿಡುವ ಹಾಗೆ ಅನ್ನಿಸುತ್ತದೆ. ಏರು ಬಂದರೆ ಒಂದು ಗೇರ್ ಇಳಿಸಬೇಕು. ಓವರ್‌ಟೇಕ್‌ಗೆ ಮೊದಲೇ ಲೆಕ್ಕ ಹಾಕಬೇಕು. ಎದುರಿನಿಂದ ಬರುವ ಗಾಡಿ ಎಷ್ಟು ದೂರ ಇದೆ, ನನ್ನ ಹತ್ತಿರ ಮಿಕ್ಕಿರುವ ಪಿಕಪ್ ಎಷ್ಟು ಅಂತ. ಅನುಮಾನ ಬಂದರೆ ಹಿಂದೆಯೇ ಉಳಿಯಿರಿ.

ಇನ್ನೊಂದು, ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ ಮೊದಲು ಗಾಳಿ ಹೊರಗೆ ತಳ್ಳುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ. ಹಗುರ ಬೈಕ್ ಆದ್ದರಿಂದ ಅಲುಗಾಟ ಜಾಸ್ತಿ. ಆಗ ಹ್ಯಾಂಡಲ್ ಬಿಗಿಯಾಗಿ ಹಿಡಿಯುವುದೇ ಎಲ್ಲರ ಸಹಜ ಪ್ರತಿಕ್ರಿಯೆ. ಅದರಿಂದ ಅಲುಗಾಟ ಇನ್ನೂ ಹೆಚ್ಚುತ್ತದೆ, ಏಕೆಂದರೆ ಗಾಳಿ ಮೈಯನ್ನು ತಳ್ಳಿದ್ದು ಕೈಯ ಮೂಲಕ ಹ್ಯಾಂಡಲ್‌ಗೆ ಹೋಗುತ್ತದೆ. ಟ್ಯಾಂಕನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಕೈ ಸಡಿಲ ಬಿಡಿ. ಬೈಕ್ ತಾನಾಗಿ ಸರಿಯಾಗುತ್ತದೆ.

ಸಣ್ಣ ವಿಂಡ್‌ಶೀಲ್ಡ್ ಹಾಕಿಸಿಕೊಂಡರೆ ಎದೆಯ ಭಾರ ಇಳಿಯುತ್ತದೆ. ಆದರೆ ಅದರ ಮೇಲಂಚು ನೇರ ಹೆಲ್ಮೆಟ್ ಮಟ್ಟಕ್ಕೆ ಬಂದರೆ ಸುಳಿಗಾಳಿ ತಲೆಗೆ ಬಡಿದು ಮೊದಲಿಗಿಂತ ತೊಂದರೆ. ಅಂಚಿನ ಮೇಲಿಂದ ರಸ್ತೆ ಕಾಣಬೇಕು, ಗಾಳಿ ಭುಜಕ್ಕೆ ತಾಗಬೇಕು. ಅಷ್ಟು ಎತ್ತರ ಸಾಕು.

ತಿರುವು ಪ್ರೀತಿ:
ಕ್ರೂಸರ್ ಬಾಗಲ್ಲ ಅನ್ನುವುದು ಅರ್ಧ ಸತ್ಯ. ಬಾಗುತ್ತದೆ, ಆದರೆ ಬೇರೆ ಬೈಕ್‌ಗಿಂತ ಬೇಗ ನೆಲ ಸಿಗುತ್ತದೆ. ಸೀಟು ಕೆಳಗಿರಬೇಕು ಅಂದರೆ ಫುಟ್‌ಪೆಗ್ (ಪಾದ ಇಡುವ ಕಡ್ಡಿ), ಸೈಲೆನ್ಸರ್ ಎಲ್ಲ ಕೆಳಗೆ ಬರಲೇಬೇಕು.

ಪೆಗ್ ನೆಲಕ್ಕೆ ಉಜ್ಜಿದರೆ ಗಾಬರಿ ಬೇಡ. ಹೆಚ್ಚಿನ ಬೈಕ್‌ಗಳಲ್ಲಿ ಪೆಗ್ ಮೇಲಕ್ಕೆ ಮಡಚಿಕೊಳ್ಳುತ್ತದೆ. ಅದರ ತುದಿಯಲ್ಲಿ ಒಂದು ಬೋಲ್ಟ್ ಕೆಳಮುಖವಾಗಿ ಇರುತ್ತದೆ, ಮೊದಲು ತಾಗುವುದು ಅದೇ. ಎಚ್ಚರಿಕೆ ಕೊಡಲೆಂದೇ ಇಟ್ಟಿದ್ದು. ನೋಡಲು ಚೆನ್ನಾಗಿಲ್ಲ ಅಂತ ಕೆಲವರು ಬಿಚ್ಚಿ ಎಸೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಇಲ್ಲದಿದ್ದರೆ ಮುಂದೆ ತಾಗುವುದು ಚಾಸಿಸ್ ಅಥವಾ ಸೈಲೆನ್ಸರ್. ಅವು ಮಡಚಿಕೊಳ್ಳುವುದಿಲ್ಲ. ಅವುಗಳ ಮೇಲೆ ಭಾರ ಬಿದ್ದರೆ ಚಕ್ರವೇ ನೆಲದಿಂದ ಎದ್ದುಬಿಡಬಹುದು.

ಉಜ್ಜಿದ ಸದ್ದು ಕೇಳಿದ ಕೂಡಲೇ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಪೂರ್ತಿ ಬಿಡಲೂಬೇಡಿ. ಆಕ್ಸಿಲರೇಟರ್ ಬಿಟ್ಟರೆ ಬೈಕ್ ಇನ್ನೂ ಕೆಳಗೆ ಕೂರುತ್ತದೆ. ಮೈಯನ್ನು ತಿರುವಿನ ಒಳಗಡೆಗೆ ಸ್ವಲ್ಪ ವಾಲಿಸಿ. ಅಷ್ಟೇ ತಿರುವಿಗೆ ಬೈಕ್ ಕಡಿಮೆ ಬಾಗಿದರೆ ಸಾಕಾಗುತ್ತದೆ. ಮುಂದಿನ ಸಲ ಅದೇ ತಿರುವಿಗೆ ಸ್ವಲ್ಪ ನಿಧಾನ ಬನ್ನಿ.

ಮುಂದಿನ ಫೋರ್ಕ್ (ಮುಂಚಕ್ರ ಹಿಡಿದಿರುವ ಎರಡು ಕೊಳವೆ) ಎಷ್ಟು ಓರೆಯಾಗಿದೆ ಅನ್ನುವುದೂ ಮುಖ್ಯ. ರೆಬೆಲ್‌ನಲ್ಲಿ ಅದು 28 ಡಿಗ್ರಿ. ಸ್ಪೋರ್ಟ್ಸ್ ಬೈಕ್‌ಗಳಲ್ಲಿ 24 ಆಸುಪಾಸು ಇರುತ್ತದೆ. ಈ ಓರೆ ನೇರ ದಾರಿಯಲ್ಲಿ ಸ್ಥಿರತೆ ಕೊಡುತ್ತದೆ, ದಿಕ್ಕು ಬದಲಿಸಲು ಒಂದಿಷ್ಟು ಹೆಚ್ಚು ಒತ್ತಡ ಕೇಳುತ್ತದೆ. ಆದರೆ ಹ್ಯಾಂಡಲ್ ಅಗಲ ಇರುವುದರಿಂದ ಆ ಒತ್ತಡ ಸುಲಭವಾಗಿ ಸಿಗುತ್ತದೆ. ಬಲಕ್ಕೆ ಹೋಗಬೇಕಾದರೆ ಬಲ ಹಿಡಿಯನ್ನು ಮುಂದಕ್ಕೆ ಒತ್ತಿ. ಎಡಕ್ಕೆ ಎಡ. ಮೊದಲು ವಿಚಿತ್ರ ಅನ್ನಿಸಿದರೂ ಸ್ವಲ್ಪ ವೇಗ ಬಂದ ಮೇಲೆ ಎಲ್ಲ ಬೈಕ್ ತಿರುಗುವುದೇ ಹಾಗೆ.

ಮೊದಲ ಗೇರ್:
ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಆ ಬೋಲ್ಟ್ ನೋಡಿದ್ದೆ, ಯಾಕೆ ಅಂತ ಗೊತ್ತಿರಲಿಲ್ಲ. ಬೆನ್ನಿನ ವಿಷಯ ಯಾರಾದರೂ ಹೇಳಿ. ಸೆಕೆಂಡ್ ಹ್ಯಾಂಡ್ ತಗೊಂಡರೆ ಏನು ನೋಡಬೇಕು ಅನ್ನುವುದನ್ನೂ.

ದಿಂಬು ಸೀಟು:
ಬೆನ್ನಿನ ಮಾತು ಸುಳ್ಳಲ್ಲ. ಸಾಮಾನ್ಯ ಬೈಕ್‌ನಲ್ಲಿ ಪೆಗ್ ನಮ್ಮ ಕೆಳಗೇ ಇರುತ್ತದೆ. ಗುಂಡಿ ಬಂದರೆ ಕಾಲಿನ ಮೇಲೆ ಭಾರ ಹಾಕಿ ಸೀಟಿನಿಂದ ಸ್ವಲ್ಪ ಏಳಬಹುದು. ಪೆಗ್ ತುಂಬಾ ಮುಂದೆ ಇದ್ದರೆ ಏಳಲು ಆಗಲ್ಲ. ಮೈಭಾರ ಪೂರ್ತಿ ಬೆನ್ನುಮೂಳೆಯ ಬುಡದ ಮೇಲೆ. ಅದರ ಜೊತೆಗೆ ಸೀಟು ತಗ್ಗಿಸಲು ಹಿಂದಿನ ಶಾಕ್ ಅಬ್ಸಾರ್ಬರ್ ಮೇಲೆ ಕೆಳಗೆ ಆಡುವ ಅಂತರವನ್ನೂ ಕಡಿಮೆ ಇಟ್ಟಿರುತ್ತಾರೆ. ಪೆಟ್ಟು ನೇರ ಮೇಲಕ್ಕೆ ಬರುತ್ತದೆ.

ಹಾಗಾಗಿ ನನ್ನ ಸಲಹೆ, ಪೆಗ್ ಮಧ್ಯದಲ್ಲಿ ಅಥವಾ ಸ್ವಲ್ಪವೇ ಮುಂದೆ ಇರುವ ಬೈಕ್ ನೋಡಿ. ನಿಮ್ಮ ಎತ್ತರಕ್ಕೂ ಅದೇ ಒಳ್ಳೆಯದು. ಕಾಲು ಪೂರ್ತಿ ಚಾಚಿ ಕೂರುವುದು ನೋಡಲು ಚೆಂದ, ಅಷ್ಟೇ. ಗುಂಡಿ ತಪ್ಪಿಸಲು ಆಗದಿದ್ದಾಗ ಮೊದಲೇ ಬ್ರೇಕ್ ಹಾಕಿ ವೇಗ ಇಳಿಸಿ, ಗುಂಡಿಗೆ ಇಳಿಯುವ ಮುಂಚೆ ಮುಂದಿನ ಬ್ರೇಕ್ ಬಿಟ್ಟುಬಿಡಿ. ಬ್ರೇಕ್ ಹಿಡಿದೇ ಇಳಿದರೆ ಫೋರ್ಕ್ ಆಗಲೇ ಒತ್ತಿಕೊಂಡಿರುತ್ತದೆ, ಪೆಟ್ಟು ತಡೆಯಲು ಜಾಗವೇ ಇರಲ್ಲ.

ಸೀಟಿನ ಫೋಮ್ ಬದಲಿಸುವುದಾದರೆ ಮೆತ್ತನೆಯದು ಹಾಕಿಸಬೇಡಿ. ಅಂಗಡಿಯಲ್ಲಿ ಕೂತಾಗ ಹಾಯ್ ಅನ್ನಿಸುತ್ತದೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಕುಸಿದು ಕೆಳಗಿನ ತಗಡು ಒತ್ತುತ್ತದೆ. ಗಟ್ಟಿ ಫೋಮ್, ಸೊಂಟದ ಹಿಂದೆ ಸಣ್ಣ ಏರು, ಇದು ಸರಿ.

ಬೆನ್ನು ನೋಯಲು ಇನ್ನೊಂದು ಕಾರಣ ಇದೆ, ಯಾರೂ ಗಮನಿಸಲ್ಲ. ಹ್ಯಾಂಡಲ್ ದೂರ ಇದ್ದರೆ ಕೈ ಚಾಚಲು ನಾವು ಬೆನ್ನು ಗೂನು ಮಾಡುತ್ತೇವೆ. ಕ್ಲ್ಯಾಂಪ್ ಬೋಲ್ಟ್ ಸಡಿಲಿಸಿ ಹ್ಯಾಂಡಲ್ ಅನ್ನು ನಿಮ್ಮ ಕಡೆಗೆ ಒಂದಿಷ್ಟು ತಿರುಗಿಸಿಕೊಂಡರೆ ಎಷ್ಟೋ ಸಲ ಅಷ್ಟಕ್ಕೇ ನೋವು ಹೋಗುತ್ತದೆ. ಹಾಗೆ ಮಾಡಿದ ಮೇಲೆ ಎರಡೂ ಕಡೆ ಪೂರ್ತಿ ತಿರುಗಿಸಿ, ಯಾವ ಕೇಬಲ್ಲೂ ಬಿಗಿಯುತ್ತಿಲ್ಲ ಅಂತ ನೋಡಿಕೊಳ್ಳಿ.

ಸ್ಪ್ಯಾನರ್ ಪೆಟ್ಟಿಗೆ:
ಸೆಕೆಂಡ್ ಹ್ಯಾಂಡ್ ಬಗ್ಗೆ ನಾನು ಹೇಳುತ್ತೇನೆ. ಮಾರುವವರಿಗೆ ಮೊದಲೇ ಹೇಳಿಬಿಡಿ, ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಅಂತ. ಎಂಜಿನ್ ಮುಟ್ಟಿ ನೋಡಿ, ತಣ್ಣಗೆ ಇರಬೇಕು. ಬಿಸಿ ಎಂಜಿನ್ ಎಲ್ಲ ರೋಗ ಮುಚ್ಚಿಡುತ್ತದೆ. ಕಾರ್ಬೊರೇಟರ್ ಇರುವ ಹಳೆಯ ಬೈಕ್ ಆದರೆ ಇದು ಇನ್ನೂ ಮುಖ್ಯ. ತಿಂಗಳುಗಟ್ಟಲೆ ನಿಲ್ಲಿಸಿದ್ದರೆ ಪೆಟ್ರೋಲ್ ಅಂಟಾಗಿ ಅದು ಹಾದುಹೋಗುವ ಸಣ್ಣ ತೂತುಗಳು (ಜೆಟ್) ಕಟ್ಟಿಕೊಂಡಿರುತ್ತವೆ. ಚೋಕ್ ಎಳೆದಾಗ ಮಾತ್ರ ಓಡಿ, ಚೋಕ್ ಬಿಟ್ಟರೆ ನಿಂತುಹೋಗುತ್ತದೆ ಅಂದರೆ ಅದೇ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2321 ಅಂತ ಇದ್ದರೆ 2021ರ 23ನೇ ವಾರ ತಯಾರಾದದ್ದು. ಕ್ರೂಸರ್‌ಗಳನ್ನು ಹೆಚ್ಚಾಗಿ ಇಷ್ಟಕ್ಕೆ ಇಟ್ಟುಕೊಂಡಿರುತ್ತಾರೆ, ಕಡಿಮೆ ಓಡಿಸಿರುತ್ತಾರೆ. ಗೀರು ಚೆನ್ನಾಗಿದ್ದರೂ ರಬ್ಬರ್ ಕಲ್ಲಾಗಿರಬಹುದು. ಕಿಲೋಮೀಟರ್ ಕಡಿಮೆ ಇದೆ ಅಂತ ಖುಷಿಪಟ್ಟು ಟೈರ್ ಮರೆಯಬೇಡಿ.

ಮುಂದಿನ ಚಕ್ರ ನೆಲದಿಂದ ಎತ್ತಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ಮಧ್ಯದಲ್ಲಿ ಟಕ್ ಅಂತ ಕೂತ ಹಾಗೆ ಆದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಹಿಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಹಲ್ಲುಗಳು ಒಂದೇ ಕಡೆ ಕೊಕ್ಕೆ ಥರ ಬಾಗಿದ್ದರೆ ಚೈನು, ಎರಡೂ ಸ್ಪ್ರಾಕೆಟ್ ಸೇರಿಸಿ ಬದಲಿಸಬೇಕು. ಚೈನು ಒಂದನ್ನೇ ಹಾಕಿದರೆ ಹಳೆಯ ಹಲ್ಲು ಹೊಸ ಚೈನನ್ನೂ ತಿನ್ನುತ್ತದೆ. ಕ್ರೋಮ್ ಮೇಲೆ ಬಟ್ಟೆ ಹಾಕಿ ಒರೆಸಿದರೆ ಹೋಗುವ ಕಂದು ಚುಕ್ಕಿ ಪರವಾಗಿಲ್ಲ. ಉಗುರಿಗೆ ಗುಳಿ ಸಿಕ್ಕರೆ ತುಕ್ಕು ಒಳಗಿಳಿದಿದೆ. ಟ್ಯಾಂಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಒಳಗೂ ನೋಡಿ.

ಕೊಂಡ ಮೇಲಿನ ಆರೈಕೆ ಕಷ್ಟದ್ದಲ್ಲ. ಎಂಜಿನ್ ಆಯಿಲ್ ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕ್ ಆಯಿಲ್‌ನ ಗುಣಮಟ್ಟದ ಗುರುತು) ಅಂತ ಇರಲೇಬೇಕು. ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಅದರಲ್ಲಿರುವ ಜಾರಿಸುವ ಅಂಶ ಕ್ಲಚ್ಚನ್ನೂ ಜಾರಿಸಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಓಡಿಸಿದರೂ ಓಡಿಸದಿದ್ದರೂ ಎರಡು ವರ್ಷಕ್ಕೆ ಬದಲಿಸಿ. ಟೈರ್ ಗಾಳಿಯನ್ನು ಬೈಕ್ ತಣ್ಣಗಿರುವಾಗಲೇ ನೋಡಿ.

ಬೆಲ್ಟ್ ಪಕ್ಷ:
ಚೈನು ಬೇಡ ಅನ್ನುವವರಿಗೆ ಬೆಲ್ಟ್ ಇರುವ ಬೈಕ್‌ಗಳೂ ಇವೆ. ಸುಜುಕಿ 1986ರಲ್ಲಿ ತಂದ ಸ್ಯಾವೇಜ್ 650 ಒಂದೇ ಸಿಲಿಂಡರ್‌ನ ಬೈಕ್. ಮೈಕಟ್ಟಿನಲ್ಲಿ ಚಿಕ್ಕದೇ, ಬೆಲ್ಟ್‌ನಲ್ಲಿ ಓಡುತ್ತದೆ. ಎಣ್ಣೆ ಹಾಕುವ ಗೊಡವೆ ಇಲ್ಲ, ಸದ್ದಿಲ್ಲ. ಒಂದೇ ತೊಂದರೆ, ಬೆಲ್ಟ್ ಮತ್ತು ಪುಲ್ಲಿ ನಡುವೆ ಸಣ್ಣ ಕಲ್ಲು ಸಿಕ್ಕಿದರೆ ತೂತಾಗಬಹುದು. ಜಲ್ಲಿ ರಸ್ತೆ ಜಾಸ್ತಿ ಇದ್ದರೆ ಚೈನೇ ವಾಸಿ.

ಗುಡುಗು:
ಬೈಕ್ ತಗೊಂಡ ಕೂಡಲೇ ಸೈಲೆನ್ಸರ್ ಬದಲಿಸಿ ಮೇಡಂ. ಸದ್ದು ಇದ್ದರೆ ಕಾರಿನವರು ನೋಡುತ್ತಾರೆ, ಅದು ಸುರಕ್ಷತೆ.

ಅರವತ್ತರ ವೇಗ:
ಇದನ್ನು ನಾನು ಒಪ್ಪುವುದಿಲ್ಲ ಗುಡುಗು ಅವರೇ. ಅಪಾಯ ಹೆಚ್ಚಾಗಿ ಬರುವುದು ಎದುರಿನಿಂದ, ಸೈಲೆನ್ಸರ್ ಸದ್ದು ಹೋಗುವುದು ಹಿಂದಕ್ಕೆ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ನೇತೃತ್ವದ ತಂಡ ಲಾಸ್ ಏಂಜಲೀಸ್ ಸುತ್ತಲಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿ 1981ರಲ್ಲಿ ವರದಿ ಕೊಟ್ಟಿತು. ಬೇರೆ ವಾಹನಕ್ಕೆ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು ಆ ವಾಹನದವರು ಬೈಕ್‌ಗೆ ದಾರಿ ಬಿಡದೇ ನುಗ್ಗಿದ್ದರಿಂದ ಆದದ್ದು. ಬೈಕ್ ಕಣ್ಣಿಗೇ ಬಿದ್ದಿರಲಿಲ್ಲ ಅನ್ನುವುದು ಅದರಲ್ಲಿ ಮತ್ತೆ ಮತ್ತೆ ಬಂದ ಕಾರಣ. ಹೆಡ್‌ಲೈಟ್ ಹಗಲಲ್ಲೂ ಉರಿಯಲಿ, ಜಾಕೆಟ್ ಎದ್ದು ಕಾಣುವ ಬಣ್ಣದ್ದಿರಲಿ ಅಂತ ಆ ವರದಿಯಿಂದಲೇ ಹೇಳಬಹುದು.

ಕ್ರೂಸರ್‌ನವರಿಗೆ ಇದು ಇನ್ನೂ ಮುಖ್ಯ. ನಾವು ಕೆಳಗೆ ಕೂರುತ್ತೇವೆ. ಕಾರುಗಳ ಸಾಲಿನ ಹಿಂದೆ ನಮ್ಮ ತಲೆ ಕಾಣುವುದೇ ಇಲ್ಲ, ನಮಗೂ ಅವುಗಳಾಚೆ ಏನಿದೆ ಅಂತ ಕಾಣಲ್ಲ. ಸದ್ದು ಮಾಡುವ ಬದಲು ಕಾಣುವ ಜಾಗದಲ್ಲಿ ಇರಿ. ಮುಂದಿನ ಕಾರಿನ ಕನ್ನಡಿಯಲ್ಲಿ ಚಾಲಕರ ಮುಖ ನಿಮಗೆ ಕಂಡರೆ ನೀವೂ ಅವರಿಗೆ ಕಾಣಬಹುದು.

ಗುಡುಗು:
ಹಿಂದಕ್ಕೆ ಹೋಗುವ ಸದ್ದಿನ ವಿಷಯ ಸರಿ ಇದೆ. ಆದರೂ ಆ ಸದ್ದು ನನಗೆ ಇಷ್ಟ. ಸುರಕ್ಷತೆ ಅನ್ನುವ ವಾದ ಬಿಡುತ್ತೇನೆ.

ಜೋಡಿ ಪಯಣ:
ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವ ಯೋಚನೆ ಇದ್ದರೆ ಅವರನ್ನೂ ಟೆಸ್ಟ್ ರೈಡ್‌ಗೆ ಕರೆದುಕೊಂಡು ಹೋಗಿ. ಕೆಲವು ಚಿಕ್ಕ ಕ್ರೂಸರ್‌ಗಳಲ್ಲಿ ಹಿಂದಿನ ಸೀಟು ಹೆಸರಿಗೆ ಮಾತ್ರ. ಹಿಡಿದುಕೊಳ್ಳಲು ಏನೂ ಇರಲ್ಲ, ಆಕ್ಸಿಲರೇಟರ್ ಕೊಟ್ಟಾಗೆಲ್ಲ ಹಿಂದಕ್ಕೆ ಜಾರುವ ಭಯ. ಬೆನ್ನಿಗೆ ಒರಗು ಹಾಕಿಸಿ. ಎರಡೂ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗ್ ಬಿಗಿ ಹೆಚ್ಚಿಸಿ, ಎರಡೂ ಕಡೆ ಒಂದೇ ಮೆಟ್ಟಿಲಿಗೆ. ಇಬ್ಬರಿಗೆ ಟೈರ್ ಗಾಳಿ ಎಷ್ಟು ಬೇಕು ಅಂತ ಮ್ಯಾನ್ಯುವಲ್‌ನಲ್ಲಿ ಬೇರೆಯೇ ಬರೆದಿರುತ್ತದೆ. ಇಬ್ಬರು ಕೂತಾಗ ಬೈಕ್ ಕೆಳಗಿಳಿಯುತ್ತದೆ, ಪೆಗ್ ಇನ್ನೂ ಬೇಗ ನೆಲಕ್ಕೆ ತಾಗುತ್ತದೆ. ತಿರುವು ಪ್ರೀತಿ ಅವರು ಹೇಳಿದ್ದು ಆಗ ಎರಡರಷ್ಟು ನೆನಪಿರಲಿ.

ಮೊದಲ ಗೇರ್:
ನಿನ್ನೆ ಎರಡು ಬೈಕ್ ಓಡಿಸಿ ನೋಡಿದೆ. ಪೆಗ್ ಮಧ್ಯದಲ್ಲಿ ಇರುವುದನ್ನೇ ತಗೋಬೇಕು ಅಂತ ತೀರ್ಮಾನ ಆಯಿತು. ನೇರ ದಾರಿಯಲ್ಲಿ ತುಂಬಾ ಖುಷಿ ಕೊಟ್ಟಿತು. ಯೂ-ಟರ್ನ್ ಮಾತ್ರ ಕಷ್ಟ ಆಯಿತು. ಪೂರ್ತಿ ತಿರುಗಿಸಿದಾಗ ಹೊರಗಡೆಯ ಕೈ ಹಿಡಿಗೆ ಎಟುಕುವುದೇ ಇಲ್ಲ ಅನ್ನುವಷ್ಟು ದೂರ ಹೋಗುತ್ತದೆ. ಇದು ನನ್ನ ಎತ್ತರದ ಸಮಸ್ಯೆನಾ, ಅಭ್ಯಾಸದ್ದಾ?

ನಿಧಾನ ಸವಾರ:
ಎರಡೂ ಸ್ವಲ್ಪ ಸ್ವಲ್ಪ. ಹ್ಯಾಂಡಲ್ ಹಿಂದಕ್ಕೆ ತಿರುಗಿಸಿಕೊಳ್ಳುವುದರಿಂದ ಅಥವಾ ಅಗಲ ಕಡಿಮೆ ಇರುವ ಹ್ಯಾಂಡಲ್ ಹಾಕಿಸುವುದರಿಂದ ಒಂದಿಷ್ಟು ಸರಿಹೋಗುತ್ತದೆ. ಉಳಿದದ್ದು ಕೂರುವ ರೀತಿ. ಯೂ-ಟರ್ನ್‌ನಲ್ಲಿ ಸೊಂಟವನ್ನು ಸೀಟಿನ ಹೊರ ಅಂಚಿಗೆ ಸರಿಸಿ, ಬೈಕ್ ಅನ್ನು ಮಾತ್ರ ಒಳಗೆ ಬಾಗಲು ಬಿಡಿ. ಹೊರಗಿನ ಭುಜವನ್ನೂ ಹ್ಯಾಂಡಲ್ ಜೊತೆ ತಿರುಗಿಸಿ, ಆಗ ಕೈ ಎಟುಕುತ್ತದೆ.

ಖಾಲಿ ಮೈದಾನದಲ್ಲಿ ಮೊದಲ ಗೇರ್‌ನಲ್ಲಿ ಹಾಫ್ ಕ್ಲಚ್ ಹಿಡಿದು ಅಭ್ಯಾಸ ಮಾಡಿ. ಎಂಜಿನ್ ಒಂದೇ ಸಮ ಸದ್ದಿನಲ್ಲಿ ಇರಲಿ. ವೇಗ ಹೆಚ್ಚಾಯಿತು ಅನ್ನಿಸಿದರೆ ಆಕ್ಸಿಲರೇಟರ್ ಬಿಡದೆ ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ. ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಹ್ಯಾಂಡಲ್ ತಿರುಗಿರುವಾಗ ಅದನ್ನು ಹಿಡಿದರೆ ಬೈಕ್ ಒಳಗಡೆಗೆ ಧೊಪ್ಪನೆ ಬೀಳುತ್ತದೆ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಗದ್ದ ಭುಜದ ಮೇಲೆ ಬರುವಷ್ಟು ತಲೆ ತಿರುಗಿಸಿ ನೀವು ಹೊರಬರಬೇಕಾದ ಕಡೆ ನೋಡಿ. ಎಡಕ್ಕೆ ಬೇಗ ಬಂದುಬಿಡುತ್ತದೆ. ಬಲಕ್ಕೆ ತಡ ಆಗುತ್ತದೆ, ಆಕ್ಸಿಲರೇಟರ್ ಇರುವ ಕೈ ಹೊಟ್ಟೆಯ ಹತ್ತಿರ ಮಡಚಿಕೊಳ್ಳುವುದರಿಂದ. ಬಲಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ.